ಪ್ಯಾರಾಕಾರ್ಡ್‌ನಿಂದ ಆರಡಿ ಬುಲ್‌ವಿಪ್ ಹೆಣೆಯುವ ಕ್ರಮ

ಇಲ್ಲಿ ವಿವರಿಸುತ್ತಿರುವುದು ಆರು ಅಡಿ, ಅಂದರೆ ಸುಮಾರು 180 ಸೆಂ.ಮೀ. ಉದ್ದದ, ಮೂರು ಪದರಗಳಲ್ಲಿ ಹೆಣೆದ ನೈಲಾನ್ ಬುಲ್‌ವಿಪ್ ತಯಾರಿಸುವ ಕ್ರಮವನ್ನು. ಬುಲ್‌ವಿಪ್ ಅಮೆರಿಕದ ದನಗಾಹಿಗಳ ಕಸುಬಿನೊಂದಿಗೆ ಬೆಳೆದ ಚಾವಟಿ. ನಮ್ಮ ಉಳುಮೆಯ ಬಾರುಕೋಲಿನಲ್ಲಿ ಕೋಲು ಬೇರೆ, ಬಾರು ಬೇರೆ; ಆಸ್ಟ್ರೇಲಿಯಾದ ಸ್ಟಾಕ್‌ವಿಪ್‌ನಲ್ಲಿಯೂ ಹಿಡಿಗೆ ಬಾರನ್ನು ಕುಣಿಕೆಯಿಂದ ಸೇರಿಸಿರುತ್ತಾರೆ. ಬುಲ್‌ವಿಪ್‌ನಲ್ಲಿ ಅಂಥ ಕೀಲು ಇಲ್ಲ. ಹಿಡಿಯ ಮೇಲೆ ಆರಂಭವಾದ ಹೆಣಿಗೆಯೇ ಮುಂದುವರಿದು, ತೆಳುವಾಗುತ್ತಾ ಹೋಗಿ, ಬಾರಾಗಿ ಮುಗಿಯುತ್ತದೆ. ಹೀಗಾಗಿ ಹಿಡಿಯ ಗಡಸುತನ ಎಲ್ಲಿ ಮುಗಿದು ಬಾರಿನ ಬಳುಕು ಎಲ್ಲಿ ಆರಂಭವಾಗಬೇಕು ಎಂಬುದನ್ನು ಹೆಣೆಯುವವರೇ ನಿರ್ಧರಿಸಬೇಕಾಗುತ್ತದೆ.

ಚರ್ಮದ ಚಾವಟಿಗಳಲ್ಲಿ ಕಾಂಗರೂ ಚರ್ಮದ್ದೇ ಶ್ರೇಷ್ಠವೆಂದು ಎಣಿಕೆ. ತೆಳುವಾಗಿ ಸೀಳಿದರೂ ಅದು ಬಲ ಕಳೆದುಕೊಳ್ಳುವುದಿಲ್ಲ. ಆದರೆ ಚರ್ಮಕ್ಕೆ ತೇವ ಶತ್ರು. ಜೌಗು ನೆಲವೂ ಮಳೆಯೂ ಹೆಚ್ಚಿರುವ ಫ್ಲಾರಿಡಾದ ದನಗಾಹಿಗಳು ನೈಲಾನ್ ಚಾವಟಿಗಳತ್ತ ತಿರುಗಿದ್ದು ಇದೇ ಕಾರಣಕ್ಕೆ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಗೋಡೆಗೆ ತೂಗುಹಾಕಿದ ಚರ್ಮದ ಬೆಲ್ಟಿಗೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೈಲಾನ್ ಹೆಣಿಗೆಗೆ ಆ ಭಯವಿಲ್ಲ. ಚರ್ಮವನ್ನು ಒಂದೇ ಅಗಲಕ್ಕೆ ಸೀಳುವ, ಅಂಚು ಹೆರೆಯುವ ಕೌಶಲವೂ ಬೇಕಾಗದ ಕಾರಣ, ಹೊಸದಾಗಿ ಕಲಿಯುವವರಿಗೆ ಪ್ಯಾರಾಕಾರ್ಡ್ ಎಂಬ ನೈಲಾನ್ ದಾರ ನಿಜವಾಗಿಯೂ ಒಳ್ಳೆಯ ಆರಂಭ.

ಸಿಡಿತದ ಮೂಲ

ಉತ್ತರ ಕರ್ನಾಟಕದ ಊರುಗಳಲ್ಲಿ ದುರ್ಗಮುರ್ಗಿಯವರು ಬೀದಿಯಲ್ಲಿ ಚಾಟಿ ಸಿಡಿಸುವುದನ್ನು ಕೇಳಿದವರಿಗೆ ಆ ಸದ್ದು ಎಷ್ಟು ಹರಿತವೆಂದು ಗೊತ್ತಿರುತ್ತದೆ. ಬುಲ್‌ವಿಪ್ ಯಾವುದಕ್ಕೂ ತಗುಲದೆ, ಬರಿಯ ಗಾಳಿಯಲ್ಲಿಯೇ ಅಂಥ ಸದ್ದನ್ನು ಹೊರಡಿಸುತ್ತದೆ. ಕೈ ಬೀಸಿದಾಗ ಬಾರಿನಲ್ಲಿ ಒಂದು ಬಳುಕು ಹುಟ್ಟಿ ತುದಿಯತ್ತ ಓಡುತ್ತದೆ. ಮುಂದೆ ಹೋದಂತೆ ಬಾರಿನ ತೂಕ ಕಡಿಮೆಯಾಗುವುದರಿಂದ ಅದೇ ಶಕ್ತಿ ಹೆಚ್ಚು ವೇಗವಾಗಿ ಮಾರ್ಪಡುತ್ತದೆ. ಕೊನೆಗೆ ಆ ವೇಗ ಗಾಳಿಯಲ್ಲಿ ಶಬ್ದದ ವೇಗವನ್ನು, ಅಂದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರನ್ನು, ದಾಟುತ್ತದೆ. ನಾವು ಕೇಳುವುದು ಆಗ ಹುಟ್ಟುವ ಆಘಾತ ತರಂಗವನ್ನು. ಅರಿಜೋನಾ ವಿಶ್ವವಿದ್ಯಾಲಯದ ಅಲೇನ್ ಗೊರಿಯೆಲಿ ಮತ್ತು ಟೈಲರ್ ಮೆಕ್‌ಮಿಲನ್ 2002ರಲ್ಲಿ, ಸದ್ದಿಗೆ ಕಾರಣ ತುದಿಗಿಂತ ಹೆಚ್ಚಾಗಿ ಓಡುವ ಆ ಬಳುಕೇ ಎಂದು ಗಣಿತದ ಮೂಲಕ ತೋರಿಸಿದರು.

ಈ ವಿವರಣೆ ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಬಳುಕು ತಡೆಯಿಲ್ಲದೆ ಓಡಬೇಕಾದರೆ ಬಾರು ಬುಡದಿಂದ ತುದಿಯವರೆಗೆ ಒಂದೇ ಸಮನೆ ತೆಳುವಾಗುತ್ತಾ ಹೋಗಬೇಕು. ಎಲ್ಲಿಯಾದರೂ ತಟ್ಟನೆ ಸಣ್ಣದಾದರೆ ಅಲ್ಲಿ ಬಾರು ಬಾಗಿಲಿನ ತಿರುಗಣಿಯಂತೆ ಮಡಿಯುತ್ತದೆ, ಗಂಟಿನಂತೆ ಉಬ್ಬಿದರೆ ಅಲ್ಲಿ ವೇಗ ಸಾಯುತ್ತದೆ. ಮುಂದೆ ಕೊಡುವ ಅಳತೆಗಳೆಲ್ಲ ಈ ಇಳಿಜಾರನ್ನು ಕಾಪಾಡುವುದಕ್ಕಾಗಿಯೇ ಇವೆ.

ಬೇಕಾಗುವ ಸಾಮಗ್ರಿ

ಮುಖ್ಯವಾಗಿ ಬೇಕಾದದ್ದು 550 ಎಂದು ಕರೆಯುವ, 4 ಮಿ.ಮೀ. ದಪ್ಪದ, ಹೊರಗವಸಿನೊಳಗೆ ಏಳು ಒಳದಾರಗಳಿರುವ ನೈಲಾನ್ ಪ್ಯಾರಾಕಾರ್ಡ್. 550 ಎಂಬುದು ಅದು ತಡೆದುಕೊಳ್ಳುವ ಭಾರವನ್ನು ಪೌಂಡುಗಳಲ್ಲಿ ಹೇಳುವ ಸಂಖ್ಯೆ. ಸುಮಾರು 250 ಕಿಲೋ. ನೂರು ಅಡಿಯ ಮೂರು ಸುರುಳಿಗಳು ಸಾಕು. ಸುಮಾರು 70 ಮೀಟರ್ ಖರ್ಚಾಗಿ ಸ್ವಲ್ಪ ಉಳಿಯುತ್ತದೆ. ಎರಡು ಬಣ್ಣ ತಂದರೆ ಹೆಣಿಗೆಯ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. ಅಗ್ಗದ ದಾರ ಎಷ್ಟೋ ಸಲ ನೈಲಾನ್ ಆಗಿರುವುದಿಲ್ಲ, ಪಾಲಿಪ್ರೊಪಿಲೀನ್ ಆಗಿರುತ್ತದೆ. ಒಂದು ತುಂಡನ್ನು ನೀರಿನಲ್ಲಿ ಅದ್ದಿ, ಒಳಗಿನ ಗಾಳಿ ಹೋಗುವಂತೆ ಚೆನ್ನಾಗಿ ಹಿಂಡಿ ಬಿಡಿ: ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ತೇಲುವ ದಾರವನ್ನು ಈ ಕೆಲಸಕ್ಕೆ ಬಳಸಬೇಡಿ. ಅದು ಬಹಳ ಹಗುರ, ಉಜ್ಜಿದಲ್ಲಿ ಬೇಗ ಸವೆಯುತ್ತದೆ.

ಹಿಡಿಗೆ 6 ಮಿ.ಮೀ. ದಪ್ಪದ, 20 ಸೆಂ.ಮೀ. ಉದ್ದದ ಕಬ್ಬಿಣದ ಸರಳು ಬೇಕು. ಅದರ ಎರಡೂ ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸಿಕೊಳ್ಳಿ. ಬಾರಿನ ಮೊದಲ ಭಾಗಕ್ಕೆ ತೂಕ ಕೊಡಲು ಸೈಕಲ್ ರಿಪೇರಿ ಅಂಗಡಿಯಲ್ಲಿ ದೊರೆಯುವ 4 ಮಿ.ಮೀ.ನ ಉಕ್ಕಿನ ಬಾಲ್ಸ್ 140 ತನ್ನಿ. ಇವಲ್ಲದೆ ಇನ್ಸುಲೇಷನ್ ಟೇಪು, ಮೇಣ ಹಚ್ಚಿದ ಗಟ್ಟಿ ದಾರ, ಹರಿತವಾದ ಕತ್ತರಿ, ಲೈಟರ್, ಅಳತೆಯ ಟೇಪು, ಗೋಣಿ ಹೊಲಿಯುವ ದಬ್ಬಣ, ಒಂದಿಷ್ಟು ರಬ್ಬರ್ ಬ್ಯಾಂಡುಗಳು ಮತ್ತು ಗೋಡೆಯಲ್ಲಿ ಭದ್ರವಾಗಿ ಕೂತ ಒಂದು ಕೊಕ್ಕೆ ಇದ್ದರೆ ಸಾಕು.

ಅಳೆದು ಕತ್ತರಿಸುವುದು

ಹೆಣೆದಾಗ ದಾರ ಓರೆಯಾಗಿ ಸುತ್ತುವುದರಿಂದ ಅದರ ಉದ್ದ ಕುಗ್ಗುತ್ತದೆ. ಹೆಣಿಗೆಯ ಉದ್ದವನ್ನು 1.7ರಿಂದ ಗುಣಿಸಿ, ಕೈಯಲ್ಲಿ ಹಿಡಿಯಲು ಮತ್ತೆ 30 ಸೆಂ.ಮೀ. ಕೂಡಿಸಿದರೆ ಪ್ರತಿ ಎಳೆಗೆ ಬೇಕಾದ ಉದ್ದ ಸಿಗುತ್ತದೆ. ಆದರೆ ಒಬ್ಬೊಬ್ಬರ ಕೈ ಬಿಗಿ ಒಂದೊಂದು ತರಹ. ಆದ್ದರಿಂದ ಎಲ್ಲವನ್ನೂ ಕತ್ತರಿಸುವ ಮೊದಲು ನಾಲ್ಕು ಎಳೆಗಳಿಂದ 30 ಸೆಂ.ಮೀ. ಹೆಣೆದು, ಬಿಚ್ಚಿ, ಎಷ್ಟು ದಾರ ತಿಂದಿದೆಯೆಂದು ನೋಡಿ. ನಿಮ್ಮ ಲೆಕ್ಕ 1.7ಕ್ಕಿಂತ ಹೆಚ್ಚು ಬಂದರೆ ಮುಂದಿನ ಅಳತೆಗಳನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಬೇಕು. ತುದಿಯ ಹತ್ತಿರ ದಾರ ಸಾಲದೆ ಹೋದರೆ ಸೇರಿಸುವ ದಾರಿಯೇ ಇಲ್ಲ.

ಪ್ರತಿ ದಾರವನ್ನೂ ನಡುವಿಗೆ ಮಡಚಿ, ಆ ಮಡಿಕೆಯನ್ನು ಹಿಡಿಯ ಬುಡದಲ್ಲಿ ಕಟ್ಟುತ್ತೇವೆ. ಹೀಗೆ ಒಂದು ದಾರ ಎರಡು ಎಳೆಗಳಾಗುತ್ತದೆ. ಮೊದಲ ಒಳಹೆಣಿಗೆಗೆ 4 ಮೀಟರಿನ ಎರಡು ದಾರಗಳು. ಎರಡನೆಯ ಒಳಹೆಣಿಗೆಗೆ 5.4 ಮೀಟರಿನ ಎರಡು, 4.5 ಮೀಟರಿನ ಒಂದು, 3.5 ಮೀಟರಿನ ಒಂದು. ಹೊರಹೆಣಿಗೆಗೆ 6.8 ಮೀಟರಿನ ಎರಡು, ಬಳಿಕ 6.2, 5.7, 4.9 ಮತ್ತು 4 ಮೀಟರಿನ ಒಂದೊಂದು. ಹೆಣಿಗೆಯ ನಡುವೆ ಇರುವ ತಿರುಳಿಗೆ 90 ಸೆಂ.ಮೀ., ಗಂಟುಗಳಿಗೆ 2.5 ಮೀಟರಿನ ಎರಡು ತುಂಡು, ಬಾರಿನ ತುದಿಗೆ ಕಟ್ಟುವ ಬಾಲಕ್ಕೆ 1 ಮೀಟರ್ ಬೇರೆ ಇಡಿ.

ಬಾಲದ ತುಂಡೊಂದನ್ನು ಬಿಟ್ಟು ಉಳಿದ ಎಲ್ಲದರಿಂದಲೂ ಏಳು ಒಳದಾರಗಳನ್ನು ಎಳೆದು ತೆಗೆಯಬೇಕು. ಆಗ ಹೊರಗವಸು ಚಪ್ಪಟೆಯಾಗಿ, ಚರ್ಮದ ಪಟ್ಟಿಯಂತೆ ಒಂದರ ಪಕ್ಕ ಒಂದು ಒತ್ತಾಗಿ ಕೂಡುತ್ತದೆ. ತುದಿಗಳನ್ನು ಲೈಟರಿನಿಂದ ಸ್ವಲ್ಪ ಕರಗಿಸಿ ಮುಚ್ಚಿ. ಪ್ಯಾರಾಕಾರ್ಡ್‌ನ ನೈಲಾನ್ ಕರಗುವುದು ಸುಮಾರು 260 ಡಿಗ್ರಿ ಶಾಖದಲ್ಲಿ, ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಬೆರಳಿನಿಂದ ಒತ್ತುವ ಆಸೆಯನ್ನು ತಡೆದುಕೊಂಡು ಲೈಟರಿನ ಲೋಹದ ಬದಿಯಿಂದ ಒತ್ತಿ. ತೆಗೆದ ಒಳದಾರಗಳನ್ನು ಎಸೆಯಬೇಡಿ, ಕಟ್ಟುವುದಕ್ಕೂ ಬಾಲದ ಕೊನೆಗೆ ಹಾಕುವ ಕುಚ್ಚಿಗೂ ಬೇಕಾಗುತ್ತವೆ.

ತಿರುಳು

ಒಳದಾರ ತೆಗೆದ 90 ಸೆಂ.ಮೀ. ತುಂಡಿನ ಒಂದು ಕಡೆ 10 ಸೆಂ.ಮೀ. ಖಾಲಿ ಬಿಟ್ಟು ದಾರದಿಂದ ಬಿಗಿಯಾಗಿ ಕಟ್ಟಿ, ಇನ್ನೊಂದು ಬಾಯಿಯಿಂದ ಬಾಲ್ಸ್‌ಗಳನ್ನು ಒಂದೊಂದಾಗಿ ಇಳಿಸಿ. 55 ಸೆಂ.ಮೀ. ತುಂಬಲು ಸುಮಾರು 137 ಬೇಕಾಗುತ್ತವೆ, ಅವುಗಳ ತೂಕ ಸುಮಾರು 36 ಗ್ರಾಂ. ತುಂಬಿದ ಮೇಲೆ ಮತ್ತೆ ಬಿಗಿಯಾಗಿ ಕಟ್ಟಿ, ಅದರಾಚೆಗೆ 15 ಸೆಂ.ಮೀ. ಖಾಲಿ ಗವಸನ್ನು ಹಾಗೆಯೇ ಉಳಿಸಿ, ಮಿಕ್ಕದ್ದನ್ನು ಓರೆಯಾಗಿ ಕತ್ತರಿಸಿ. ಆ ಖಾಲಿ ತುಂಡೇ ಇಳಿಜಾರಿನ ಮೊದಲ ಮೆಟ್ಟಿಲು.

ಮೊದಲು ಬಿಟ್ಟ 10 ಸೆಂ.ಮೀ. ಖಾಲಿ ಗವಸನ್ನು ಸರಳಿನ ಬಾರಿನ ಕಡೆಯ ತುದಿಗೆ ಅಂಟಿಸಿದಂತೆ ಮಲಗಿಸಿ, ಮೇಣದ ದಾರದಿಂದ ಒತ್ತೊತ್ತಾಗಿ ಸುತ್ತಿ, ಮೇಲೆ ಟೇಪು ಸುತ್ತಿ. ಟೇಪನ್ನು ಸರಳು ಮುಗಿದ ಕೂಡಲೇ ನಿಲ್ಲಿಸಬೇಡಿ. ಅದರಾಚೆ 5 ಸೆಂ.ಮೀ.ವರೆಗೆ, ಪ್ರತಿ ಸುತ್ತಿಗೂ ತೆಳುವಾಗುವಂತೆ ತೆಗೆದುಕೊಂಡು ಹೋಗಿ. ಬುಲ್‌ವಿಪ್‌ಗಳು ಮುರಿಯುವುದಾದರೆ ಬಹುತೇಕ ಇಲ್ಲಿಯೇ ಮುರಿಯುತ್ತವೆ, ಏಕೆಂದರೆ ಪ್ರತಿ ಬೀಸಿನಲ್ಲಿಯೂ ಗಡಸು ಸರಳಿನ ಅಂಚು ಮೆದು ಬಾರನ್ನು ಒಳಗಿನಿಂದ ಕೊರೆಯುತ್ತಿರುತ್ತದೆ.

ಒಳಹೆಣಿಗೆಗಳು

ಇನ್ನು ಮುಂದಿನ ಎಲ್ಲ ಅಳತೆಗಳೂ ಹಿಡಿಯ ಬುಡದಿಂದ. ಸರಳಿನ ಬುಡಕ್ಕೆ ಎರಡು ದಾರಗಳ ಮಡಿಕೆಯನ್ನು ಕಟ್ಟಿ, ಬುಡವನ್ನು ಕೊಕ್ಕೆಗೆ ತೂಗುಹಾಕಿ. ಎಡಗೈಯಲ್ಲಿ ಎರಡು ಎಳೆ, ಬಲಗೈಯಲ್ಲಿ ಎರಡು ಎಳೆ. ಪ್ರತಿ ದಾರದ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಇರಲಿ. ಎಡಗಡೆಯ ಅತಿ ಹೊರಗಿನ ಎಳೆಯನ್ನು ತಿರುಳಿನ ಹಿಂದಿನಿಂದ ಬಲಕ್ಕೆ ಒಯ್ದು, ಬಲಗಡೆಯ ಎರಡು ಎಳೆಗಳ ನಡುವಿನಿಂದ ಮುಂದಕ್ಕೆ ತಂದು, ಒಳಗಿನ ಎಳೆಯ ಮೇಲೆ ಹಾಯಿಸಿ, ತನ್ನ ಎಡಗಡೆಗೇ ಮರಳಿಸಿ. ಈಗ ಅದು ಎಡಗಡೆಯ ಅತಿ ಒಳಗಿನ ಎಳೆ. ಬಳಿಕ ಬಲಗಡೆಯ ಹೊರ ಎಳೆಯಿಂದ ಇದನ್ನೇ ಮಾಡಿ. ಜಡೆ ಹೆಣೆದು ರೂಢಿಯಿದ್ದವರ ಕೈಗೆ ಇದು ಅರ್ಧ ಗಂಟೆಯಲ್ಲಿ ಒಗ್ಗುತ್ತದೆ. ಸರಳಿನ ಮೇಲೆ ಎಳೆಗಳ ನಡುವೆ ಸಂದು ಕಾಣುತ್ತದೆ, ಅದರಿಂದ ತೊಂದರೆಯಿಲ್ಲ. 95 ಸೆಂ.ಮೀ. ತಲುಪಿದಾಗ ತುದಿಯನ್ನು ಕಟ್ಟಿ, ನಾಲ್ಕು ಎಳೆಗಳನ್ನೂ ಒಂದಕ್ಕಿಂತ ಒಂದು ಎರಡು ಸೆಂ.ಮೀ. ಹೆಚ್ಚುಕಡಿಮೆ ಇರುವಂತೆ ಕತ್ತರಿಸಿ.

ಎರಡನೆಯ ಪದರ ಎಂಟು ಎಳೆಗಳದ್ದು. ಕ್ರಮ ಅದೇ: ಹೊರ ಎಳೆ ಹಿಂದಿನಿಂದ ಸುತ್ತಿ ಬಂದು ಎದುರಿನ ನಾಲ್ಕು ಎಳೆಗಳ ಮಧ್ಯದಲ್ಲಿ ಹೊರಬರಬೇಕು, ಎರಡು ಆಚೆ ಉಳಿದು, ಒಳಗಿನ ಎರಡರ ಮೇಲೆ ಹಾಯ್ದು ತನ್ನ ಕಡೆಗೆ ಮರಳಬೇಕು. ಉದ್ದದ ಎಳೆಗಳು ಪರಸ್ಪರ ಸಿಕ್ಕಾಗದಂತೆ ಪ್ರತಿಯೊಂದನ್ನೂ ಸಣ್ಣ ಸುರುಳಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಬೇಕಾದಷ್ಟೇ ಬಿಚ್ಚುತ್ತಾ ಹೋಗಿ.

ಬಿಗಿಯ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಬಲವಾಗಿ ಎಳೆಯುವುದಕ್ಕಿಂತ ಒಂದೇ ಸಮನೆ ಎಳೆಯುವುದು ಮುಖ್ಯ. ಎಡಗೈ ಬಿಗಿ, ಬಲಗೈ ಸಡಿಲವಾದರೆ ಹೆಣಿಗೆಯ ಸಾಲು ಹಗ್ಗದ ಹುರಿಯಂತೆ ತಿರುಚಿಕೊಳ್ಳುತ್ತಾ ಹೋಗಿ, ಮುಗಿದ ಚಾವಟಿ ನೆಲದ ಮೇಲೆ ನೇರವಾಗಿ ಮಲಗುವುದಿಲ್ಲ. ದಣಿದ ಕೈ ಬಿಗಿಯನ್ನು ಮೊದಲು ಕಳೆದುಕೊಳ್ಳುತ್ತದೆ, ಆದ್ದರಿಂದ ದಣಿವಾದ ಕೂಡಲೇ ಎಳೆಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸುವುದು ಒಳಿತು. ಕಿರುಬೆರಳಿನ ಮಡಿಕೆಗೆ ಮೊದಲೇ ಬಟ್ಟೆಯ ಟೇಪು ಸುತ್ತಿಕೊಳ್ಳಿ, ನೈಲಾನ್ ಅಲ್ಲಿ ಕೊಯ್ಯುತ್ತದೆ.

ಎಳೆ ಬಿಡುವುದು

ಎರಡನೆಯ ಪದರದಲ್ಲಿ 85 ಸೆಂ.ಮೀ.ಗೆ ಬಂದಾಗ ಎಂಟು ಎಳೆಗಳನ್ನು ಆರಕ್ಕೆ, 115ಕ್ಕೆ ಬಂದಾಗ ನಾಲ್ಕಕ್ಕೆ ಇಳಿಸಬೇಕು. 140ರಲ್ಲಿ ಹೆಣಿಗೆ ಮುಗಿಯುತ್ತದೆ. ಇಳಿಸುವಾಗ ಒಂದೇ ದಾರದ ಎರಡು ಅರ್ಧಗಳನ್ನು, ಎಡದಿಂದ ಒಂದು ಬಲದಿಂದ ಒಂದು, ಆರಿಸಿಕೊಳ್ಳಿ. ಮೊದಲು ಅತಿ ಚಿಕ್ಕ ದಾರ, ಆಮೇಲೆ ಅದಕ್ಕಿಂತ ಉದ್ದದ್ದು. ಅವುಗಳನ್ನು ಅಲ್ಲಿಯೇ ಕತ್ತರಿಸದೆ ತಿರುಳಿನ ಜೊತೆ ಉದ್ದಕ್ಕೆ ಮಲಗಿಸಿ, ಉಳಿದ ಎಳೆಗಳಿಂದ ಅವುಗಳ ಮೇಲೆಯೇ ಹೆಣೆಯುತ್ತಾ ಹೋಗಿ. ಒಂದನ್ನು ಐದು ಸೆಂ.ಮೀ. ದಾಟಿದ ಮೇಲೆ, ಇನ್ನೊಂದನ್ನು ಎಂಟು ಸೆಂ.ಮೀ. ದಾಟಿದ ಮೇಲೆ ಕತ್ತರಿಸಿ. ಆರು ಎಳೆಗಳಾದಾಗ ಪ್ರತಿ ಕಡೆ ಮೂರು ಇರುವುದರಿಂದ, ಎದುರಿನಲ್ಲಿ ಒಂದನ್ನು ಆಚೆ ಬಿಟ್ಟು ಎರಡರ ಮೇಲೆ ಹಾಯಿಸಬೇಕು.

ಬಾಲ್ಸ್ ಮುಗಿಯುವುದು 75ರಲ್ಲಿ, ಮೊದಲ ಪದರ ಮುಗಿಯುವುದು 95ರಲ್ಲಿ, ಎರಡನೆಯ ಪದರದ ಇಳಿಕೆಗಳು 85 ಮತ್ತು 115ರಲ್ಲಿ. ಈ ನಾಲ್ಕರಲ್ಲಿ ಯಾವುದೂ ಇನ್ನೊಂದರ ಮೇಲೆ ಬೀಳದಿರುವುದನ್ನು ಗಮನಿಸಿ. ನನ್ನ ಮೊದಲ ಚಾವಟಿಯಲ್ಲಿ ತಿರುಳೂ ಒಳಹೆಣಿಗೆಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುಗಿದಿದ್ದವು. ಹೊರಗಿನಿಂದ ನೋಡಲು ಏನೂ ದೋಷವಿರಲಿಲ್ಲ, ಆದರೆ ಬೀಸಿದಾಗಲೆಲ್ಲ ಬಾರು ಅಲ್ಲಿಯೇ ಮಡಿದು ಬೀಳುತ್ತಿತ್ತು. ಒಂದು ತಿಂಗಳು ನನ್ನ ಕೈಯದೇ ತಪ್ಪೆಂದು ಅಭ್ಯಾಸ ಮಾಡಿದೆ. ಕೊನೆಗೆ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಈಗ ಹೆಣೆಯುವ ಮೊದಲು ಎಲ್ಲ ಅಳತೆಗಳನ್ನೂ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಗುರುತು ಮಾಡಿ ಗೋಡೆಗೆ ಅಂಟಿಸಿಕೊಳ್ಳುತ್ತೇನೆ, ನೀವೂ ಹಾಗೆ ಮಾಡಿ.

ಪ್ರತಿ ಪದರ ಮುಗಿದ ಮೇಲೂ ಅದನ್ನು ಎರಡು ಹಲಗೆಗಳ ನಡುವೆ ಇಟ್ಟು, ಚಪಾತಿ ಲಟ್ಟಿಸುವ ಹದದಲ್ಲಿ ಒತ್ತಿ ಉರುಳಿಸಿ. ಮೂಲೆಗಳು ಅಡಗಿ ಬಾರು ದುಂಡಗಾಗುತ್ತದೆ, ಸಡಿಲವಿದ್ದ ಜಾಗಗಳೂ ಕೈಗೆ ತಿಳಿಯುತ್ತವೆ.

ಹೊರಹೆಣಿಗೆ

ಹನ್ನೆರಡು ಎಳೆಗಳ ಈ ಪದರವೇ ಕಣ್ಣಿಗೆ ಕಾಣುವಂಥದ್ದು. ಬುಡದಲ್ಲಿ ಕಟ್ಟುವಾಗ ಉದ್ದ ಮತ್ತು ಚಿಕ್ಕ ದಾರಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿ, ಪ್ರತಿ ಜೋಡಿಯ ತುದಿಗೂ ಬೇರೆ ಬಣ್ಣದ ನೂಲಿನ ಗುರುತು ಕಟ್ಟಿ. ಒಂದೂವರೆ ಮೀಟರ್ ಹೆಣೆದ ಮೇಲೆ ಯಾವುದು ಯಾರ ಜೋಡಿ ಎಂದು ಹುಡುಕುವ ಕಷ್ಟ ತಪ್ಪುತ್ತದೆ. ಎದುರಿನ ಆರರಲ್ಲಿ ಮೂರನ್ನು ಆಚೆ ಬಿಟ್ಟು ಮೂರರ ಮೇಲೆ ಹಾಯಿಸುತ್ತಾ ಬಂದರೆ ಎರಡು ಕಡೆಯೂ ಮೀನಿನ ಮುಳ್ಳಿನಂಥ ಸಾಲು ಮೂಡುತ್ತದೆ.

100 ಸೆಂ.ಮೀ.ನಲ್ಲಿ ಹತ್ತಕ್ಕೆ, 125ರಲ್ಲಿ ಎಂಟಕ್ಕೆ, 150ರಲ್ಲಿ ಆರಕ್ಕೆ, 165ರಲ್ಲಿ ನಾಲ್ಕಕ್ಕೆ ಇಳಿಸಿ. ಹತ್ತು ಎಳೆಗಳಿರುವಾಗ ಎದುರಿನ ಐದರಲ್ಲಿ ಎರಡನ್ನು ಆಚೆ ಬಿಟ್ಟು ಮೂರರ ಮೇಲೆ ಹಾಯಿಸಬೇಕು; ಎಂಟು, ಆರು, ನಾಲ್ಕರ ಕ್ರಮ ಈಗಾಗಲೇ ಹೇಳಿದಂತೆ. 140ರ ನಂತರ ಒಳಗೆ ಒಳಹೆಣಿಗೆ ಇರುವುದಿಲ್ಲ, ನೀವು ಬಿಟ್ಟ ಎಳೆಗಳೇ ತಿರುಳಿನ ಕೆಲಸ ಮಾಡುತ್ತವೆ. ಆದ್ದರಿಂದ ಈ ಭಾಗದಲ್ಲಿ ಬಿಟ್ಟ ಎಳೆಗಳನ್ನು ಇನ್ನೂ ಸ್ವಲ್ಪ ದೂರ, ಹತ್ತು ಹನ್ನೆರಡು ಸೆಂ.ಮೀ.ವರೆಗೆ, ಒಳಗೆ ಒಯ್ಯುವುದು ಲೇಸು. ಕೊನೆಯ 30 ಸೆಂ.ಮೀ.ಗೆ ನಾನು ಹಿಡಿಗೆ ಕೊಟ್ಟಷ್ಟೇ ಸಮಯ ಕೊಡುತ್ತೇನೆ. ಬಳುಕು ಅತಿ ವೇಗವಾಗಿ ಓಡುವ ಜಾಗ ಅದು. ಅಲ್ಲಿ ಒಂದು ಎಳೆ ಸಡಿಲವಿದ್ದರೂ ವಾರದೊಳಗೆ ಸವೆದು ತುಂಡಾಗುತ್ತದೆ.

ಬಾಲ ಮತ್ತು ಕುಚ್ಚು

180ರಲ್ಲಿ ಉಳಿದ ನಾಲ್ಕು ಎಳೆಗಳಿಗೆ ಬಾಲವನ್ನು ಕಟ್ಟಬೇಕು. ಬಾಲದ ದಾರದ ಒಂದು ತುದಿಯಲ್ಲಿ ಬೆರಳು ತೂರದಷ್ಟು ಸಣ್ಣ ಕುಣಿಕೆ ಮಾಡಿ, ತುದಿಯನ್ನು ಅದರದೇ ಗವಸಿನೊಳಕ್ಕೆ ದಬ್ಬಣದಿಂದ ತೂರಿಸಿ, ನಾಲ್ಕಾರು ಹೊಲಿಗೆ ಹಾಕಿ. ನಾಲ್ಕು ಎಳೆಗಳನ್ನೂ ಕುಣಿಕೆಯೊಳಗಿನಿಂದ ತಂದು, ಒಂದೊಂದನ್ನೂ ಸರದಿಯಲ್ಲಿ ಇಡೀ ಕಟ್ಟಿನ ಸುತ್ತ ಒಮ್ಮೆ ಸುತ್ತಿ ತನ್ನ ಕೆಳಗೇ ತೂರಿಸಿ ಬಿಗಿಯಿರಿ. ನಾಲ್ಕೂ ಮುಗಿದ ಮೇಲೆ ಗಂಟನ್ನು ಮತ್ತೊಮ್ಮೆ ಎಳೆದು ಕೂರಿಸಿ, ಉಳಿದದ್ದನ್ನು ಕತ್ತರಿಸಿ, ಹಗುರವಾಗಿ ಕರಗಿಸಿ. ಬಾಲದ ಉದ್ದ 70 ಸೆಂ.ಮೀ. ಇರಲಿ, ಅದರ ಕೊನೆಯ ಅರ್ಧದಿಂದ ಒಳದಾರಗಳಲ್ಲಿ ಮೂರ್ನಾಲ್ಕನ್ನು ಎಳೆದು ಕತ್ತರಿಸಿದರೆ ಬಾಲವೂ ತೆಳುವಾಗುತ್ತದೆ.

ಕುಚ್ಚು ಮಾಡುವ ಬಗೆ ಹಗ್ಗ ಹೊಸೆಯುವುದನ್ನು ಕಂಡವರಿಗೆಲ್ಲ ಗೊತ್ತು. ತೆಗೆದಿಟ್ಟ ಒಳದಾರಗಳಲ್ಲಿ ಎರಡನ್ನು ಜೋಡಿಸಿ, ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ, ತಾನಾಗಿಯೇ ಸುರುಳಿಯಾಗುವಷ್ಟು ಹುರಿ ಹಾಕಿ. ನಡುವಿಗೆ ಮಡಚಿದ ಕೂಡಲೇ ಎರಡೂ ಅರ್ಧಗಳು ಎದುರು ದಿಕ್ಕಿನಲ್ಲಿ ಹೊಸೆದುಕೊಳ್ಳುತ್ತವೆ. ಮಡಿಕೆಯ ಕುಣಿಕೆಯಿಂದ 15 ಸೆಂ.ಮೀ. ದೂರದಲ್ಲಿ ಗಂಟು ಹಾಕಿ, ಆಚೆಗಿನ ಮೂರು ಸೆಂ.ಮೀ.ಯನ್ನು ಬಿಡಿಸಿ ಕುಚ್ಚಾಗಿಸಿ. ಬಾಲದ ತುದಿಯನ್ನು ಕುಚ್ಚಿನ ಕುಣಿಕೆಯೊಳಗಿಂದ ತಂದು, ಕುಣಿಕೆಯ ಕೊರಳನ್ನು ಸುತ್ತಿಸಿ, ತನ್ನ ಕೆಳಗೇ ತೂರಿಸಿ ಬಿಗಿಯಬೇಕು. ಕುಚ್ಚು ಸವೆಯುವ ವಸ್ತು; ಹತ್ತಾರು ಮಾಡಿಟ್ಟುಕೊಳ್ಳಿ.

ಬುಡದ ಗಂಟು ಮತ್ತು ಮೇಣ

ಹಿಡಿಯ ಬುಡಕ್ಕೆ ಚರ್ಮದ ಅಥವಾ ಟೇಪಿನ ಪಟ್ಟಿಯನ್ನು ಅಡಿಕೆ ಗಾತ್ರಕ್ಕೆ ಉಬ್ಬುವವರೆಗೆ ಸುತ್ತಿ, ಅದರ ಮೇಲೆ, ಸುತ್ತಲೂ ಜಡೆಯಂತೆ ಹೆಣೆಯುವ ಟರ್ಕ್ಸ್ ಹೆಡ್ ಗಂಟನ್ನು ಮುಚ್ಚಳದಂತೆ ಕೂರಿಸಿ. ಹಿಡಿ ಮುಗಿದು ಬಾರು ಆರಂಭವಾಗುವ, ಬುಡದಿಂದ 20 ಸೆಂ.ಮೀ. ದೂರದ ಜಾಗಕ್ಕೆ ಇನ್ನೊಂದು, ಸ್ವಲ್ಪ ಕಿರಿದಾದದ್ದು. ಈ ಗಂಟನ್ನು ಮೊದಲು ಒಂದು ಪೈಪಿನ ತುಂಡಿನ ಮೇಲೆ ಕಲಿತು ಆಮೇಲೆ ಹಿಡಿಗೆ ಹಾಕಿದರೆ ದಾರ ಹಾಳಾಗುವುದಿಲ್ಲ.

ಕೊನೆಯದಾಗಿ ಮೇಣ. ನೈಲಾನ್ ಹಗುರವಾದ್ದರಿಂದ ಮೇಣ ಅದಕ್ಕೆ ತೂಕವನ್ನೂ ಎಳೆಗಳ ನಡುವೆ ಜಾರಿಕೆಯನ್ನೂ ಕೊಡುತ್ತದೆ. ಮೂರು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣವನ್ನು ಒಂದು ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನ ಇನ್ನೊಂದು ಪಾತ್ರೆಯಲ್ಲಿಟ್ಟು ಕರಗಿಸಿ. ಮೇಣವನ್ನು ನೇರವಾಗಿ ಬೆಂಕಿಯ ಮೇಲೆ ಇಡಲೇಬಾರದು, ಹೊತ್ತಿಕೊಳ್ಳುತ್ತದೆ. ಬಾರನ್ನು ಸುರುಳಿ ಮಾಡಿ, ಹಿಡಿಯನ್ನೂ ಕುಚ್ಚನ್ನೂ ಹೊರಗೆ ಬಿಟ್ಟು, ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿ, ತೆಗೆದು, ಬಿಸಿಯಾಗಿರುವಾಗಲೇ ಹಳೆಯ ಬಟ್ಟೆಯಿಂದ ಒರೆಸಿ ತೂಗುಹಾಕಿ. ಕೈಗವಸು ಇರಲಿ. ತಣ್ಣಗಾದ ಮೇಲೆ ಗಡಸಾಗಿ ತೋರುತ್ತದೆ, ಹಲಗೆಯ ಕೆಳಗೆ ಉರುಳಿಸಿದರೆ ಹದಕ್ಕೆ ಬರುತ್ತದೆ.

ಮೊದಲ ಬೀಸು

ಸುತ್ತಲೂ ಚಾವಟಿಯ ಪೂರ್ತಿ ಉದ್ದದ ಎರಡರಷ್ಟು ದೂರಕ್ಕೆ ಯಾರೂ ಇಲ್ಲದ ಬಯಲಿಗೆ ಹೋಗಿ. ಕಣ್ಣಿಗೆ ಗಟ್ಟಿ ಕನ್ನಡಕ, ತಲೆಗೆ ಅಂಚುಳ್ಳ ಟೊಪ್ಪಿ, ತುಂಬು ತೋಳಿನ ಅಂಗಿ ಕಡ್ಡಾಯ. ಹಿಂತಿರುಗುವ ಕುಚ್ಚು ಚರ್ಮವನ್ನು ಸೀಳಬಲ್ಲದು. ಪ್ರಾಣಿಗಳ ಮೇಲೆ ಇದನ್ನು ಎತ್ತಬೇಡಿ; 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೊಡೆಯುವುದು ಅಪರಾಧ, ಕಾಯ್ದೆ ಇರದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು.

ಬಾರನ್ನು ನಿಮ್ಮ ಹಿಂದೆ ನೆಲದ ಮೇಲೆ ನೇರವಾಗಿ ಚಾಚಿ, ಕೈಯನ್ನು ದೇಹದ ಪಕ್ಕದಿಂದ ತಲೆಯ ಮೇಲಿನವರೆಗೆ ಒಂದೇ ಓಟದಲ್ಲಿ ಎತ್ತಿ, ಮುಂದಕ್ಕೆ ಇಳಿಸುತ್ತಾ ದಿಕ್ಕು ಬದಲಿಸಿ. ಬಲ ಬೇಡ. ಬಳುಕು ಹಿಡಿಯಿಂದ ತುದಿಯವರೆಗೆ ಉರುಳುತ್ತಾ ಹೋಗುವುದನ್ನು ಮೊದಲು ನಿಧಾನವಾಗಿ, ಸದ್ದಿಲ್ಲದೆ ನೋಡಿ. ಅದು ಎಲ್ಲಿಯಾದರೂ ಮುಗ್ಗರಿಸಿದರೆ ಆ ಜಾಗವನ್ನು ಹಿಡಿದು ಬಾಗಿಸಿ ನೋಡಿ: ಮಡಿಯುತ್ತಿದ್ದರೆ ಒಳಗಿನ ಎರಡು ಇಳಿಕೆಗಳು ಒಟ್ಟಿಗೆ ಬಿದ್ದಿವೆ, ಬಾಗದೆ ನಿಂತರೆ ಅಲ್ಲಿ ಹೆಣಿಗೆ ಅತಿ ಬಿಗಿಯಾಗಿದೆ. ಎರಡನೆಯದು ಬಳಸುತ್ತಾ ಸರಿಹೋಗುತ್ತದೆ. ಮೊದಲನೆಯದಕ್ಕೆ ಹೊರಹೆಣಿಗೆಯನ್ನು ಆ ಜಾಗದವರೆಗೆ ಬಿಚ್ಚಿ, ಒಳಗೆ ಓರೆಯಾಗಿ ಕತ್ತರಿಸಿದ ಒಂದು ಗೇಣು ಖಾಲಿ ಗವಸನ್ನು ಸೇರಿಸಿ ಕಟ್ಟಿ, ಮತ್ತೆ ಹೆಣೆಯಬೇಕು.